ಮೂರು ವಾಲ್ವ್‌ಗಳ ಗಿಟಾರ್ ಆಂಪ್: ಕಟ್ಟುವುದು, ಅಳೆಯುವುದು, ಆಮೇಲೆ ತಿದ್ದುವುದು

ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ ಕಟ್ಟಲು ಹೊರಟವರು ಮೊದಲು ಕೇಳುವುದು ಕೆಪಾಸಿಟರ್ ಯಾವ ಕಂಪನಿಯದು ಹಾಕಬೇಕು ಎಂದು. ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಮೊದಲ ಪ್ರಶ್ನೆ, ನಿಮ್ಮ ಮಲ್ಟಿಮೀಟರ್ 600 ವೋಲ್ಟ್ ಡಿಸಿ ತಾಳುತ್ತದೆಯೇ ಎಂಬುದು. ಇದು ಬಿಚ್ಚಿಟ್ಟ ಆಂಪ್ ಒಂದರ ಮುಂದೆ ಆಡಿದ ಮಾತುಕತೆಯ ಬರಹರೂಪ; ಅದರ ಮುಕ್ಕಾಲು ಪಾಲು ಮೀಟರಿನ ಸುತ್ತಲೇ ಇದೆ. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಚಾಸಿ (ಆಂಪಿನ ಲೋಹದ ತಳಪೆಟ್ಟಿಗೆ) ಓದುವವರಿಗೆ ಕಾಣುವುದಿಲ್ಲವಾದ್ದರಿಂದ, ಬೆರಳು ತೋರಿಸಿ ಹೇಳಿದ ಕಡೆಗಳಲ್ಲೆಲ್ಲ ಇಲ್ಲಿ ವಾಲ್ವಿನ ಪಿನ್ ಸಂಖ್ಯೆ ಬರೆದಿದ್ದೇವೆ.

ಉದಾಹರಣೆಗೆ ಆಯ್ದುಕೊಂಡಿರುವುದು ಫೆಂಡರ್ ಚಾಂಪ್, 5ಎಫ್1 ಸರ್ಕಿಟ್. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ಕಂಪನಿ ಕಲಿಯುವ ಹುಡುಗರಿಗೆಂದು ಮಾಡಿದ ಐದು ವಾಟ್‌ನ ಆಂಪ್ ಅದು. ಹೆಸರಿನಲ್ಲಿರುವ 5 ಎಂದರೆ ಐವತ್ತರ ದಶಕ, ಎಫ್ ಎಂದರೆ ಎಷ್ಟನೆಯ ತಿದ್ದುಪಡಿ ಎಂಬುದು, 1 ಎಂದರೆ ಚಾಂಪ್. ಒಳಗಿರುವುದು ಮೂರೇ ವಾಲ್ವ್: ಮುಂದೆ 12ಎಎಕ್ಸ್7, ಸ್ಪೀಕರ್ ಓಡಿಸಲು 6ವಿ6, ಎಸಿಯನ್ನು ಡಿಸಿ ಮಾಡಲು 5ವೈ3. ಟೋನ್ ಕಂಟ್ರೋಲ್ ಇಲ್ಲ, ಇರುವುದೊಂದು ವಾಲ್ಯೂಮ್. ಇಷ್ಟು ಚಿಕ್ಕದಾಗಿರುವುದರಿಂದ ಒಂದು ರೆಸಿಸ್ಟರ್ ಬದಲಿಸಿದರೂ ಅದರ ಪರಿಣಾಮ ನೇರ ಕಿವಿಗೆ ಬೀಳುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಮೊದಲು ಜೀವದ ಮಾತು. ಟ್ರಾನ್ಸ್‌ಫಾರ್ಮರಿನ ಹೈ ಟೆನ್ಷನ್ ಸುತ್ತು 325-0-325 ವೋಲ್ಟ್. ಸ್ವಿಚ್ ಹಾಕಿದೊಡನೆ 5ವೈ3 ಬೇಗ ಕಾಯುತ್ತದೆ, ಉಳಿದೆರಡು ವಾಲ್ವ್ ನಿಧಾನ. ಅವು ಕರೆಂಟ್ ಎಳೆಯಲು ಶುರು ಮಾಡುವ ತನಕ ಡಿಸಿ ಏರಿ 325ರ 1.414 ಪಟ್ಟು, ಅಂದರೆ 460 ವೋಲ್ಟ್ ಹತ್ತಿರ ಹೋಗಬಹುದು. 450 ವೋಲ್ಟ್‌ನ ಫಿಲ್ಟರ್ ಕೆಪಾಸಿಟರ್ ಹಾಕಿದರೆ ಪ್ರತಿ ಸಲ ಆನ್ ಮಾಡಿದಾಗಲೂ ಅದನ್ನು ಮಿತಿಯಾಚೆ ತಳ್ಳಿದಂತೆ. 500 ವೋಲ್ಟ್‌ನದೇ ಹಾಕಿ. ಪ್ಲಗ್ ಕಿತ್ತ ಮೇಲೂ ಈ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಮೊದಲ ಕೆಪಾಸಿಟರಿಗೆ ಅಡ್ಡವಾಗಿ 220ಕೆ (ಕೆ ಎಂದರೆ ಸಾವಿರ ಓಮ್), 2 ವಾಟ್ ರೆಸಿಸ್ಟರ್ ಒಂದನ್ನು ಖಾಯಂ ಬೆಸೆದುಬಿಡಿ. ಒಟ್ಟು 42 ಮೈಕ್ರೊಫ್ಯಾರಡ್ ಇದ್ದರೆ ಸುಮಾರು 46 ಸೆಕೆಂಡಿನಲ್ಲಿ 350 ವೋಲ್ಟ್ ಎರಡು ಮೂರು ವೋಲ್ಟ್‌ಗೆ ಇಳಿಯುತ್ತದೆ. ಒಂದು ನಿಮಿಷ ಕಾಯಿರಿ, ಆಮೇಲೂ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ, ಏಕೆಂದರೆ ಆ ರೆಸಿಸ್ಟರಿನ ಬೆಸುಗೆಯೂ ಬಿಟ್ಟಿರಬಹುದು. ಆನ್ ಆಗಿರುವಾಗ ಅಳೆಯುವುದಾದರೆ ಮೀಟರಿನ ಕಪ್ಪು ವೈರನ್ನು ಚಾಸಿಗೆ ಕ್ಲಿಪ್ ಮಾಡಿ, ಕೆಂಪನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಇನ್ನೊಂದು ಕೈ ಜೇಬಿನಲ್ಲಿರಲಿ. ಮೂರು ಪಿನ್ನಿನ ವೈರ್, ಅರ್ಥ್ ಚಾಸಿಗೆ ತನ್ನದೇ ಬೋಲ್ಟಿನಿಂದ, ಲೈವ್ ದಾರಿಯಲ್ಲಿ 500 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸ್. ಟ್ರಾನ್ಸ್‌ಫಾರ್ಮರ್ ಬಿಗಿಯುವ ಬೋಲ್ಟಿಗೇ ಅರ್ಥ್ ಸೇರಿಸುವುದು ಬೇಡ. ಅದು ಸಡಿಲವಾದ ದಿನ ಅರ್ಥೂ ಹೋಗುತ್ತದೆ.

ಈಗ ಸಾಮಾನು. ದೊಡ್ಡ ಖರ್ಚು ಎರಡು ಟ್ರಾನ್ಸ್‌ಫಾರ್ಮರ್: ಮೇನ್ಸಿನಿಂದ ಬೇಕಾದ ವೋಲ್ಟೇಜು ಕೊಡುವ ಪವರ್, 6ವಿ6ನ್ನು ಸ್ಪೀಕರಿಗೆ ಹೊಂದಿಸುವ ಔಟ್‌ಪುಟ್. ಪವರ್ ಟ್ರಾನ್ಸ್‌ಫಾರ್ಮರಿಗೆ ವೈಂಡಿಂಗ್ ಅಂಗಡಿಯಲ್ಲಿ ಹೇಳಬೇಕಾದ್ದು ಇಷ್ಟೇ: ಪ್ರೈಮರಿ 230 ವೋಲ್ಟ್ 50 ಹರ್ಟ್ಸ್, ಸೆಕೆಂಡರಿ 325-0-325 ವೋಲ್ಟ್ 80 ಮಿಲಿಆಂಪ್, 6.3 ವೋಲ್ಟ್ 2 ಆಂಪ್, 5 ವೋಲ್ಟ್ 2 ಆಂಪ್. ವಾಲ್ವ್ ಕಾಯಿಸುವ 6.3ರ ಹೀಟರ್ ಸುತ್ತಿನಲ್ಲಿ ನಿಜಕ್ಕೂ ಬೇಕಾಗಿರುವುದು 12ಎಎಕ್ಸ್7ಗೆ 300, 6ವಿ6ಗೆ 450, ಒಟ್ಟು 750 ಮಿಲಿಆಂಪ್. ಉಳಿದದ್ದು ತಣ್ಣಗಿರಲಿ ಎಂದು. ಅಮೆರಿಕದಿಂದ ತರಿಸಿದ, 60 ಹರ್ಟ್ಸ್ ಎಂದಷ್ಟೇ ಬರೆದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಅದನ್ನು ನೋಡಿಕೊಂಡು ತರಿಸಿ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ವಿಷಯದಲ್ಲಿ ಅಂಗಡಿಯವರ ಪಕ್ಕ ನಿಂತು ಹೇಳಬೇಕಾದ ಒಂದು ಸಂಗತಿಯಿದೆ. ಚಾಂಪ್‌ನಲ್ಲಿ ಒಂದೇ 6ವಿ6 ಇರುವುದರಿಂದ ಅದರ 40 ಮಿಲಿಆಂಪ್ ಡಿಸಿ ಸದಾ ಈ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಹರಿಯುತ್ತಿರುತ್ತದೆ. ಮಾಮೂಲಿ ಟ್ರಾನ್ಸ್‌ಫಾರ್ಮರಿನಂತೆ ಇ ಮತ್ತು ಐ ಸ್ಟ್ಯಾಂಪಿಂಗ್‌ಗಳನ್ನು ಒಂದು ಆ ಕಡೆ ಒಂದು ಈ ಕಡೆ ಹೆಣೆದು ತುಂಬಿದರೆ ಈ ಡಿಸಿಗೇ ಕೋರಿನ ಕಾಂತಶಕ್ತಿ ಮಿತಿ ಮುಟ್ಟಿ (ಸ್ಯಾಚುರೇಟ್ ಆಗಿ) ಬೇಸ್ ಮಾಯ, ಉಳಿದದ್ದು ಸೊರಗಿದ ಸದ್ದು. ಎಲ್ಲ 'ಇ'ಗಳೂ ಒಂದೇ ಕಡೆ, ಎಲ್ಲ 'ಐ'ಗಳೂ ಇನ್ನೊಂದು ಕಡೆ, ನಡುವೆ ತೆಳು ಕಾಗದ. ಹೀಗೆ ಗ್ಯಾಪ್ ಬಿಟ್ಟು ತುಂಬಬೇಕು. ಅಭ್ಯಾಸಬಲದಿಂದ ಹೆಣೆದುಬಿಡುವವರೇ ಹೆಚ್ಚು. ಪ್ರೈಮರಿ 7ಕೆ ಆಸುಪಾಸು, ಸೆಕೆಂಡರಿ 4 ಮತ್ತು 8 ಓಮ್ ಎರಡೂ ಇರಲಿ. 4 ಓಮ್ ತುದಿಗೆ 8 ಓಮ್ ಸ್ಪೀಕರ್ ಕಟ್ಟಿದರೆ ವಾಲ್ವಿಗೆ ಕಾಣುವ ಲೋಡ್ 14ಕೆ ಆಗುತ್ತದೆ. ಸ್ಪೀಕರ್ ಇಲ್ಲದೆ ಆಂಪ್ ಓಡಿಸುವುದಂತೂ ಕೂಡದು. ಹೋಗಲು ದಾರಿಯಿಲ್ಲದೆ ಪ್ರೈಮರಿಯಲ್ಲಿ ಏಳುವ ವೋಲ್ಟೇಜು ಸಾಕೆಟ್ಟಿನಲ್ಲೇ ಕಿಡಿ ಹಾರಿಸುತ್ತದೆ, ಇಲ್ಲವೇ ಸುತ್ತಿನ ಇನ್ಸುಲೇಷನ್ ಸುಡುತ್ತದೆ. ಪರೀಕ್ಷೆಗೆ ಸ್ಪೀಕರ್ ಬದಲು 4 ಓಮ್ 10 ವಾಟ್ ವೈರ್‌ವೂಂಡ್ ರೆಸಿಸ್ಟರ್ ಸಾಕು. ಅದರ ಮೇಲೆ 4.5 ವೋಲ್ಟ್ ಎಸಿ ಬಂದರೆ ಐದು ವಾಟ್ ಬಂದಂತೆ.

ಚಾಸಿಗೆ ತೂತು ಕೊರೆಯುವ ಮುನ್ನ ಹತ್ತು ನಿಮಿಷದ ಒಂದು ಕೆಲಸ. ಪವರ್ ಟ್ರಾನ್ಸ್‌ಫಾರ್ಮರನ್ನು ಚಾಸಿಯ ಮೇಲೆ ಅದರ ಜಾಗದಲ್ಲಿಟ್ಟು, ಸೆಕೆಂಡರಿ ತುದಿಗಳಿಗೆಲ್ಲ ಒಂದೊಂದಾಗಿ ಟೇಪ್ ಸುತ್ತಿ, ಮೇನ್ಸ್ ಕೊಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ ಹಳೆಯದೊಂದು ಹೆಡ್‌ಫೋನ್ ಕಟ್ಟಿ, ಆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಚಾಸಿಯ ಮೇಲೆ ಜರುಗಿಸುತ್ತ ತಿರುಗಿಸುತ್ತ ಹೋಗಿ. ಗುಂಯ್ ಎನ್ನುವ ಸದ್ದು ಒಂದು ಕೋನದಲ್ಲಿ ಹೆಚ್ಚು ಕಡಿಮೆ ಅಡಗುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಸಾಮಾನ್ಯವಾಗಿ ಒಂದರ ಕೋರ್ ಇನ್ನೊಂದಕ್ಕೆ ಲಂಬವಾಗಿ ನಿಂತಾಗ ಹೀಗಾಗುತ್ತದೆ, ಆದರೆ ಲೆಕ್ಕಕ್ಕಿಂತ ಕಿವಿಯನ್ನೇ ನಂಬಿ.

ಸಿಗ್ನಲ್ಲಿನ ದಾರಿ ಹೀಗೆ. ಇನ್‌ಪುಟ್ ಜ್ಯಾಕಿನಿಂದ ಗ್ರೌಂಡಿಗೆ 1 ಮೆಗ್ (ಹತ್ತು ಲಕ್ಷ ಓಮ್), ಅಲ್ಲಿಂದ 68ಕೆ ಮೂಲಕ 12ಎಎಕ್ಸ್7ನ 2ನೇ ಪಿನ್ (ಗ್ರಿಡ್). ಈ 68ಕೆ ಜ್ಯಾಕಿನ ಬಳಿಯಲ್ಲ, ಸಾಕೆಟ್ಟಿನ ಪಿನ್ನಿಗೆ ಅಂಟಿದಂತಿರಬೇಕು. ಅದು ರೇಡಿಯೊ ತರಂಗ ತಡೆಯಲು ಇರುವುದು. ಇಲ್ಲದಿದ್ದರೆ ಗಿಟಾರ್ ವೈರೇ ಏರಿಯಲ್ ಆಗಿ ಆಕಾಶವಾಣಿ ವಾರ್ತೆ ಕೇಳಿಸಲೂಬಹುದು. 3ನೇ ಪಿನ್ನಿನಿಂದ (ಕ್ಯಾಥೋಡ್) ಗ್ರೌಂಡಿಗೆ 1.5ಕೆ, 1ನೇ ಪಿನ್ನಿಗೆ (ಪ್ಲೇಟ್) ಡಿಸಿ ಸಪ್ಲೈಯಿಂದ 100ಕೆ. ಅಲ್ಲಿಂದ 0.022 ಮೈಕ್ರೊಫ್ಯಾರಡ್, 630 ವೋಲ್ಟ್ ಕೆಪಾಸಿಟರ್ ಮೂಲಕ 1 ಮೆಗ್ ವಾಲ್ಯೂಮ್ ಪಾಟ್. ಪಾಟಿನ ನಡುಕಾಲು 7ನೇ ಪಿನ್ನಿಗೆ. 12ಎಎಕ್ಸ್7ನಲ್ಲಿ ಒಂದೇ ಗಾಜಿನೊಳಗೆ ಎರಡು ವಾಲ್ವ್ ಇವೆ; ಎರಡನೇ ಅರ್ಧದಲ್ಲೂ 8ನೇ ಪಿನ್ನಿಗೆ (ಕ್ಯಾಥೋಡ್) 1.5ಕೆ, 6ನೇ ಪಿನ್ನಿಗೆ (ಪ್ಲೇಟ್) 100ಕೆ. ಮತ್ತೆ 0.022, ಗ್ರೌಂಡಿಗೆ 220ಕೆ, ಅಲ್ಲಿಂದ 6ವಿ6ನ 5ನೇ ಪಿನ್ (ಗ್ರಿಡ್). 6ವಿ6ನ 8ನೇ ಪಿನ್ನಿಗೆ (ಕ್ಯಾಥೋಡ್) 470 ಓಮ್, ಅದಕ್ಕೆ ಅಡ್ಡವಾಗಿ 25 ಮೈಕ್ರೊಫ್ಯಾರಡ್. 3ನೇ ಪಿನ್ (ಪ್ಲೇಟ್) ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ, 4ನೇ ಪಿನ್ ಸ್ಕ್ರೀನ್. ಸ್ಪೀಕರಿನಿಂದ 22ಕೆ ಒಂದು ಹಿಂದಕ್ಕೆ ಬಂದು 12ಎಎಕ್ಸ್7ನ 8ನೇ ಪಿನ್ನಿಗೆ ಸೇರುತ್ತದೆ. ಅದೇ ನೆಗೆಟಿವ್ ಫೀಡ್‌ಬ್ಯಾಕ್. 5ವೈ3ಗೆ ಹೈ ಟೆನ್ಷನ್ 4 ಮತ್ತು 6ಕ್ಕೆ, 5 ವೋಲ್ಟ್ 2 ಮತ್ತು 8ಕ್ಕೆ, ಡಿಸಿ ತೆಗೆದುಕೊಳ್ಳುವುದು 8ರಿಂದ. ಅಲ್ಲಿ ಮೊದಲ ಫಿಲ್ಟರ್ ಕೆಪಾಸಿಟರ್ 16 ಮೈಕ್ರೊಫ್ಯಾರಡ್, ಆಮೇಲೆ 10ಕೆ, 8 ಮೈಕ್ರೊಫ್ಯಾರಡ್, 22ಕೆ, 8 ಮೈಕ್ರೊಫ್ಯಾರಡ್. ಈಗ ಸಿಗುವ 22, 10, 10 ಹಾಕಿದರೆ ಸರಿ. ಹಮ್ಮಿಂಗ್ ಕಡಿಮೆಯಾಗಲಿ ಎಂದು ಮೊದಲನೆಯದಕ್ಕೆ 100 ಹಾಕುವವರಿದ್ದಾರೆ. ಪ್ರತಿ ಸೈಕಲ್ಲಿನ ತುದಿಯಲ್ಲೂ ಅದನ್ನು ತುಂಬಲು 5ವೈ3 ದೊಡ್ಡ ಕರೆಂಟ್ ಕೊಡಬೇಕಾಗಿ ಬೇಗ ಸಾಯುತ್ತದೆ. ದೊಡ್ಡದು ಬೇಕಿದ್ದರೆ 10ಕೆ ಆಚೆ ಹಾಕಿ.

ಗ್ರೌಂಡ್. ಮನೆಯಲ್ಲಿ ಕಟ್ಟಿದ ಆಂಪ್‌ಗಳು ಗುಂಯ್‌ಗುಡುವುದು ಬಹುಪಾಲು ಇದೊಂದೇ ಕಾರಣಕ್ಕೆ. ಹತ್ತಿರವಿರುವ ಬೋಲ್ಟಿಗೆಲ್ಲ ಗ್ರೌಂಡ್ ಕಟ್ಟಿದರೆ ಚಾಸಿಯೇ ಕರೆಂಟಿನ ದಾರಿಯಾಗುತ್ತದೆ. ಮೊದಲ ಫಿಲ್ಟರ್ ಕೆಪಾಸಿಟರಿಗೆ ಪ್ರತಿ ಸೆಕೆಂಡಿಗೆ ನೂರು ಸಲ ಕರೆಂಟು ಧುಮ್ಮಿಕ್ಕುತ್ತದೆ. ಆ ಕರೆಂಟ್ ವಾಪಸು ಹೋಗಬೇಕಾದ್ದು ಹೈ ಟೆನ್ಷನ್ ಸುತ್ತಿನ ಸೆಂಟರ್ ಟ್ಯಾಪಿಗೆ (325-0-325ರ ನಡುವಿನ 0). ಸೆಂಟರ್ ಟ್ಯಾಪನ್ನು ಒಂದು ಬೋಲ್ಟಿಗೂ ಕೆಪಾಸಿಟರಿನ ನೆಗೆಟಿವನ್ನು ಇನ್ನೊಂದಕ್ಕೂ ಕಟ್ಟಿದಿರೋ, ನಡುವಿನ ತಗಡಿನಲ್ಲಿ ಮಿಲಿವೋಲ್ಟುಗಳ ಏರಿಳಿತ ಹುಟ್ಟುತ್ತದೆ. ಗಿಟಾರಿನ ಸಿಗ್ನಲ್ಲೂ ಮಿಲಿವೋಲ್ಟಿನದೇ ಅಲ್ಲವೇ? ಜ್ಯಾಕ್ ಆ ತಗಡಿನ ಮೇಲೆಯೇ ಕೂತಿದ್ದರೆ ಎರಡೂ ಒಟ್ಟಿಗೇ ವರ್ಧಿಸಿ ಬರುತ್ತವೆ. ಹಾಗಾಗಿ ಸೆಂಟರ್ ಟ್ಯಾಪ್ ವೈರನ್ನು ಚಾಸಿಗೆ ಮುಟ್ಟಿಸದೆ ನೇರ ಮೊದಲ ಕೆಪಾಸಿಟರಿನ ನೆಗೆಟಿವ್ ಕಾಲಿಗೆ ಬೆಸೆಯಿರಿ. ಅದೇ ಕಾಲಿನಿಂದ ದಪ್ಪ ತಾಮ್ರದ ತಂತಿಯೊಂದು ಹೊರಟು 6ವಿ6ನ ಕ್ಯಾಥೋಡ್, ಔಟ್‌ಪುಟ್ ಸೆಕೆಂಡರಿ, ಎರಡನೇ ಕೆಪಾಸಿಟರ್, ಮೂರನೇ ಕೆಪಾಸಿಟರ್, 12ಎಎಕ್ಸ್7ನ ಗ್ರೌಂಡ್‌ಗಳನ್ನು ಇದೇ ಕ್ರಮದಲ್ಲಿ ಕೂಡಿಸಿಕೊಳ್ಳುತ್ತ ಇನ್‌ಪುಟ್ ಜ್ಯಾಕಿನವರೆಗೆ ಹೋಗಲಿ. ಚಾಸಿಗೆ ಮುಟ್ಟುವುದು ಜ್ಯಾಕಿನ ಬಳಿ, ಒಂದೇ ಕಡೆ.

ಹೀಟರ್ ವೈರ್‌ಗಳನ್ನು ಬಿಗಿಯಾಗಿ ಹೊಸೆದು ಚಾಸಿಯ ಮೂಲೆಗೆ ಒತ್ತಿಬಿಡಿ. 12ಎಎಕ್ಸ್7ನಲ್ಲಿ 4 ಮತ್ತು 5 ಸೇರಿಸಿ ಒಂದು ತುದಿ, 9 ಇನ್ನೊಂದು. 6ವಿ6ನಲ್ಲಿ 2 ಮತ್ತು 7. ಮೂಲ ಚಾಂಪ್‌ನಲ್ಲಿ ಹೀಟರಿನ ಒಂದು ತುದಿಯನ್ನು ಚಾಸಿಗೇ ಕಟ್ಟಿದ್ದರು. ಅದನ್ನು ಅನುಸರಿಸಬೇಕಿಲ್ಲ. ಎರಡೂ ತುದಿಗಳಿಂದ 100 ಓಮ್‌ನ ಒಂದೊಂದು ರೆಸಿಸ್ಟರ್ ತಂದು, ಅವು ಕೂಡುವ ಬಿಂದುವನ್ನು 6ವಿ6ನ 8ನೇ ಪಿನ್ನಿಗೆ ಕಟ್ಟಿ. ಅಲ್ಲಿ ಹೇಗೂ 19 ವೋಲ್ಟ್ ಡಿಸಿ ಪುಕ್ಕಟೆ ಸಿಗುತ್ತದೆ. ಹೀಟರ್ ಅಷ್ಟು ಮೇಲಕ್ಕೆ ಕೂತರೆ ಅದರಿಂದ 12ಎಎಕ್ಸ್7ನ ಕ್ಯಾಥೋಡಿಗೆ ನುಸುಳುವ 50 ಹರ್ಟ್ಸ್ ನಿಲ್ಲುತ್ತದೆ.

ಹಮ್ಮಿಂಗ್ 50 ಹರ್ಟ್ಸ್‌ನದೋ 100ರದೋ ಎಂದು ತಿಳಿಯಲು ಆಸಿಲೋಸ್ಕೋಪ್ ಬೇಡ, ಗಿಟಾರೇ ಸಾಕು. ಅತ್ಯಂತ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಸ್ವರ 98 ಹರ್ಟ್ಸ್. ಆಂಪಿನ ಸದ್ದು ಅದರ ಜೊತೆ ಹೆಚ್ಚು ಕಡಿಮೆ ಶ್ರುತಿಗೂಡಿದರೆ ಅದು 100 ಹರ್ಟ್ಸ್, ಅಂದರೆ ಫಿಲ್ಟರ್ ಅಥವಾ ಗ್ರೌಂಡಿನ ತಕರಾರು. ಒಂದು ಆಕ್ಟೇವ್ ಕೆಳಗಿದ್ದರೆ 50: ಹೀಟರ್, ಟ್ರಾನ್ಸ್‌ಫಾರ್ಮರಿನ ಕೋನ, ಇಲ್ಲವೇ ಗಿಟಾರಿನ ಪಿಕಪ್. ವಾಲ್ಯೂಮ್ ಸೊನ್ನೆಗೆ ತಂದರೂ ಸದ್ದು ಹಾಗೇ ಇದ್ದರೆ ಮೂಲ ಪಾಟಿನ ಆಚೆ ಇದೆ. 12ಎಎಕ್ಸ್7 ಕಿತ್ತರೂ ಹೋಗದಿದ್ದರೆ 6ವಿ6 ಅಥವಾ ಪವರ್ ಸಪ್ಲೈ. ಒಂದು ಮಾತು: ಎರಡು ಔಟ್‌ಪುಟ್ ವಾಲ್ವ್ ಇರುವ ಪುಷ್-ಪುಲ್ ಆಂಪ್‌ಗಳಲ್ಲಿ ಸಪ್ಲೈಯ ಏರಿಳಿತ ಬಹುಮಟ್ಟಿಗೆ ತನ್ನಷ್ಟಕ್ಕೇ ಕಳೆದುಹೋಗುತ್ತದೆ, ಚಾಂಪ್‌ನಲ್ಲಿ ಹಾಗಾಗದು. ಸ್ಪೀಕರಿಗೆ ಕಿವಿ ಹಚ್ಚಿದಾಗ ಸ್ವಲ್ಪ ಗುಂಯ್ ಕೇಳಿಸಿದರೆ ಅದಕ್ಕಾಗಿ ನಿದ್ದೆಗೆಡಬೇಡಿ.

ಮೊದಲ ಸಲ ಆನ್ ಮಾಡುವಾಗ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬೋರ್ಡ್ (ಮೇನ್ಸ್ ದಾರಿಯಲ್ಲಿ ಬಲ್ಬ್ ಒಂದನ್ನು ಸರಣಿಯಲ್ಲಿ ಕೂಡಿಸುವ ಹಲಗೆ) ಬಳಸಿ. 60 ವಾಟ್‌ನ ಹಳೆಯ ಕಾಲದ ಫಿಲಮೆಂಟ್ ಬಲ್ಬೇ ಬೇಕು, ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬಾರದು. ಮೊದಲು ವಾಲ್ವ್ ಇಲ್ಲದೆ. ಬಲ್ಬ್ ಕ್ಷಣ ಮಿನುಗಿ ಆರಬೇಕು. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಮೇಲೆ ವಾಲ್ವ್ ಹಾಕಿ. ಫೀಡ್‌ಬ್ಯಾಕಿನ 22ಕೆ ಒಂದು ಕಾಲನ್ನು ಸದ್ಯಕ್ಕೆ ಬಿಚ್ಚಿಟ್ಟಿರಿ. ಎಲ್ಲ ಸರಿಯಿದೆ ಎಂದಾದ ಮೇಲೆ ಅದನ್ನು ಬೆಸೆದಾಗ ಸದ್ದು ಸ್ವಲ್ಪ ತಗ್ಗಬೇಕು. ಬದಲಿಗೆ ಕಿವಿಗಡಚಿಕ್ಕುವಂತೆ ಕಿರುಚಿಕೊಂಡರೆ ಗಾಬರಿ ಬೇಡ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತುದಿಗಳು ಅದಲುಬದಲಾಗಿವೆ, ಕಳೆಯಬೇಕಾದ ಸಿಗ್ನಲ್ ಕೂಡುತ್ತಿದೆ, ಅಷ್ಟೇ. ಪ್ರೈಮರಿಯ ಎರಡು ವೈರನ್ನು ಅದಲುಬದಲು ಮಾಡಿದರೆ ಸುಮ್ಮನಾಗುತ್ತದೆ.

ಬಲ್ಬ್ ತೆಗೆದು ನೇರ ಮೇನ್ಸ್ ಕೊಟ್ಟ ಮೇಲೆ ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಮೊದಲ ಕೆಪಾಸಿಟರಿನಲ್ಲಿ 340-350 ವೋಲ್ಟ್, ಎರಡನೆಯದರಲ್ಲಿ 305 ಆಸುಪಾಸು, ಮೂರನೆಯದರಲ್ಲಿ 260ರ ಸುತ್ತ. 12ಎಎಕ್ಸ್7ನ ಕ್ಯಾಥೋಡ್‌ಗಳಲ್ಲಿ 1.4 ವೋಲ್ಟ್. ಅದನ್ನು 1.5ಕೆಯಿಂದ ಭಾಗಿಸಿದರೆ 0.93 ಮಿಲಿಆಂಪ್. ಅದೇ ಕರೆಂಟ್ 100ಕೆ ಮೂಲಕ ಇಳಿದು ಬರುವಾಗ 93 ವೋಲ್ಟ್ ಕಳೆಯುತ್ತದೆ, ಹಾಗಾಗಿ ಪ್ಲೇಟಿನಲ್ಲಿ 170 ಹತ್ತಿರ ಕಾಣಬೇಕು. ಮೂರೂ ಅಂಕಿ ತಾಳೆಯಾದರೆ ಆ ಭಾಗ ಸರಿಯಿದೆ. 6ವಿ6ನ 5ನೇ ಪಿನ್ನಿನಲ್ಲಿ ಸೊನ್ನೆ ಇರಬೇಕು. ಒಂದೇ ಒಂದು ವೋಲ್ಟ್ ಪಾಸಿಟಿವ್ ಕಂಡರೂ ಹಿಂದಿನ 0.022 ಸೋರುತ್ತಿದೆ ಎಂದು ಮೊದಲು ಅನುಮಾನಿಸಿ. ಹಳೆ ರೇಡಿಯೊಗಳಿಂದ ಕಿತ್ತ ಪೇಪರ್ ಕೆಪಾಸಿಟರ್ ಇಲ್ಲಿ ಹಾಕಿದವರಿಗೆ ಇದು ಆಗಿಯೇ ಆಗುತ್ತದೆ, ಕೊನೆಗೆ 6ವಿ6ನ ಪ್ಲೇಟ್ ಕೆಂಪಗೆ ಕಾಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು 6ವಿ6ನ 8ನೇ ಪಿನ್. ಅಲ್ಲಿ 19 ವೋಲ್ಟ್ ಇದೆ ಎನ್ನಿ. 470ರಿಂದ ಭಾಗಿಸಿದರೆ 40 ಮಿಲಿಆಂಪ್. ಸ್ಕ್ರೀನಿಗೆ ಎರಡು ಕಳೆದರೆ ಪ್ಲೇಟಿಗೆ 38. ಪ್ಲೇಟಿನ 340ರಲ್ಲಿ 19 ಕಳೆದು 321. ಗುಣಿಸಿದರೆ 12.2 ವಾಟ್. 6ವಿ6ಜಿಟಿಯ ಹಳೆಯ ಡೇಟಾಶೀಟ್ ಹೇಳುವ ಮಿತಿ 12, ಆಮೇಲಿನವು ಹೇಳುವುದು 14. ಅಂದರೆ ಚಾಂಪ್ ಹುಟ್ಟಿನಿಂದಲೇ ಅಂಚಿನಲ್ಲಿ ನಿಂತಿದೆ. ಮೇನ್ಸ್ 245ಕ್ಕೆ ಏರುವ ಮನೆಗಳಲ್ಲಿ ಅಂಚು ದಾಟುತ್ತದೆ. 8ನೇ ಪಿನ್ನಿನಲ್ಲಿ 22-23 ವೋಲ್ಟ್ ಕಂಡರೆ 470 ತೆಗೆದು 560 ಅಥವಾ 680, 5 ವಾಟ್ ಹಾಕಿ, ಮತ್ತೆ ಲೆಕ್ಕ ಮಾಡಿ. ಅಡ್ಡ ಕೆಪಾಸಿಟರ್ 25 ವೋಲ್ಟಿನದಿದ್ದರೆ 50ರದಕ್ಕೆ ಬದಲಿಸಿ. 5ವೈ3 ತೆಗೆದು ಸಿಲಿಕಾನ್ ಡಯೋಡ್ ಹಾಕುವ ಆಲೋಚನೆ ಇದ್ದರೆ ಇದೇ ಲೆಕ್ಕ ನೆನಪಿರಲಿ. 5ವೈ3 ತಾನೇ ಐವತ್ತು ವೋಲ್ಟಿನಷ್ಟು ನುಂಗುತ್ತಿತ್ತು, ಅದೆಲ್ಲ ಈಗ 6ವಿ6ನ ತಲೆಗೆ ಬರುತ್ತದೆ.

ಇಷ್ಟಾದ ಮೇಲೆ ತಿದ್ದುಪಡಿ. ಒಂದು ಸಲಕ್ಕೆ ಒಂದೇ ಮಾಡಿ, ಎರಡು ದಿನ ನುಡಿಸಿ ನೋಡಿ. 6ವಿ6ನ 5ನೇ ಪಿನ್ನಿಗೆ 1.5ಕೆ, 4ನೇ ಪಿನ್ನಿಗೆ 470 ಓಮ್ 1 ವಾಟ್ ಸೇರಿಸುವುದನ್ನು ತಿದ್ದುಪಡಿ ಎನ್ನುವುದಕ್ಕಿಂತ ವಾಲ್ವಿಗೆ ಕಟ್ಟಿದ ತಾಯಿತ ಎನ್ನಬಹುದು. ಸದ್ದು ಹೆಚ್ಚೇನೂ ಬದಲಾಗದು. ಸದ್ದು ಬದಲಿಸುವುದು ಮೊದಲ ಹಂತದ 1.5ಕೆಗೆ ಅಡ್ಡ ಹಾಕುವ ಕೆಪಾಸಿಟರ್. ಅದಿಲ್ಲದಾಗ ಆ ಹಂತದ ಗೇನ್ (ಸಿಗ್ನಲ್ ಎಷ್ಟು ಪಟ್ಟು ಏರುತ್ತದೆ ಎಂಬುದು) 32ರ ಸುಮಾರು, 25 ಮೈಕ್ರೊಫ್ಯಾರಡ್ ಹಾಕಿದರೆ 60. ಆದರೆ ಬೇಸೂ ಅಷ್ಟೇ ಏರುತ್ತದೆ, ಎಂಟು ಇಂಚಿನ ಸ್ಪೀಕರ್ ಅದನ್ನು ತಾಳಲಾರದೆ ಸದ್ದು ಕೆಸರಾಗುತ್ತದೆ. 0.68 ಮೈಕ್ರೊಫ್ಯಾರಡ್ ಹಾಕಿದರೆ ಏರಿಕೆ 150-300 ಹರ್ಟ್ಸ್ ನಡುವೆ ಶುರುವಾಗಿ ಮೇಲಿನದಷ್ಟೇ ಎದ್ದು ಬರುತ್ತದೆ. ನಮ್ಮ ಮತ 0.68ಕ್ಕೆ.

ವಾಲ್ಯೂಮ್ ಪೂರ್ತಿ ಏರಿಸಿದಾಗ ದಪ್ಪ ತಂತಿಯ ಸದ್ದು ಪರಪರ ಹರಿದಂತಾಗಿ, ಕ್ಷಣ ಸತ್ತು ಮತ್ತೆ ಬಂದರೆ ಅದು ಸ್ಪೀಕರಿನ ದೋಷವಲ್ಲ. 6ವಿ6ನ ಗ್ರಿಡ್ ಪಾಸಿಟಿವ್ ಆದಾಗಲೆಲ್ಲ ಹಿಂದಿನ 0.022 ಚಾರ್ಜ್ ಆಗಿ, ಆ ಚಾರ್ಜ್ 220ಕೆ ಮೂಲಕ ಇಳಿಯುವ ತನಕ ವಾಲ್ವ್ ಬಾಯಿ ಮುಚ್ಚಿರುತ್ತದೆ. 0.01 ಹಾಕಿ ನೋಡಿ. 0.022ಗೆ ಬೇಸ್ 33 ಹರ್ಟ್ಸ್‌ನಲ್ಲಿ ಕತ್ತರಿಸುತ್ತಿದ್ದದ್ದು ಈಗ 72ಕ್ಕೆ ಬರುತ್ತದೆ. ಗಿಟಾರಿನ ಅತಿ ಕೆಳಗಿನ ಸ್ವರವೇ 82, ಹಾಗಾಗಿ ಕಳೆದುಕೊಳ್ಳುವುದು ಅತ್ಯಲ್ಪ. ಫೀಡ್‌ಬ್ಯಾಕಿನ 22ಕೆಗೆ ಒಂದು ಸ್ವಿಚ್ ಹಾಕಿದರೆ ಒರಟು ಸದ್ದೊಂದು ಬೇರೆಯೇ ಸಿಗುತ್ತದೆ, ಹಮ್ಮಿಂಗೂ ಜೊತೆಗೆ ಏರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಸ್ಪೀಕರಿನದು. ಸೆನ್ಸಿಟಿವಿಟಿ 92 ಡೆಸಿಬೆಲ್‌ನ ಎಂಟಿಂಚಿನ ಬದಲು 98ರ ಹನ್ನೆರಡಿಂಚು ಕಟ್ಟಿದರೆ ಐದು ವಾಟ್ ಇಪ್ಪತ್ತು ವಾಟ್‌ನಂತೆ ಕೇಳಿಸುತ್ತದೆ. ಬೆಸುಗೆ ಕಡ್ಡಿ ಮುಟ್ಟುವ ಅಗತ್ಯವೇ ಇಲ್ಲ.

ಕೊನೆಗೆ, ಪ್ರತಿ ಸಲವೂ ಬರುವ ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ರೇಡಿಯೊ ಇದೆ, ಅದರಿಂದ ಆಂಪ್ ಮಾಡಬಹುದೇ? ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಸಲು ಶುರು ಮಾಡಿತು. ಬಿಇಎಲ್ ಗುರುತಿನ ಇಸಿಸಿ83, ಇಎಲ್84 ಹಳೆ ದಾಸ್ತಾನಿನಲ್ಲಿ ಈಗಲೂ ಕೈಗೆ ಬರುವುದುಂಟು. ಇಸಿಸಿ83 ಎಂದರೆ 12ಎಎಕ್ಸ್7ನ ಯುರೋಪಿನ ಹೆಸರಷ್ಟೇ, ಹಾಗೇ ಹಾಕಬಹುದು. ಸ್ಪೀಕರ್ ಓಡಿಸಲು 6ವಿ6 ಬದಲು ಇಎಲ್84 ಹಾಕುವುದಾದರೆ ಚಾಂಪಿನ 340 ವೋಲ್ಟ್ ಅದಕ್ಕೆ ಕೂಡದು. ಅದರ ಮಿತಿ 300. 250 ವೋಲ್ಟ್, ಕ್ಯಾಥೋಡಿಗೆ 135 ಓಮ್, 5.2ಕೆ ಲೋಡ್ ಎಂಬುದು ಅದರ ಡೇಟಾಶೀಟಿನ ಪಾಕ; ಐದೂವರೆ ವಾಟ್ ಬರುತ್ತದೆ. ಇಎಲ್84, ಇಝಡ್80 (5ವೈ3ಯಂತೆ ಎಸಿಯನ್ನು ಡಿಸಿ ಮಾಡುವ ವಾಲ್ವ್) ಇರುವ ರೇಡಿಯೊದ ಟ್ರಾನ್ಸ್‌ಫಾರ್ಮರ್ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಆದರೆ ರೇಡಿಯೊದ ಹಿಂಬದಿ ತೆಗೆದು ವಾಲ್ವಿನ ಮೊದಲ ಅಕ್ಷರ ನೋಡಿ. 'ಇ' ಎಂದರೆ 6.3 ವೋಲ್ಟ್ ಹೀಟರ್. 'ಯು' ಎಂದರೆ 100 ಮಿಲಿಆಂಪಿನ ಹೀಟರ್‌ಗಳನ್ನು ಸರಪಳಿಯಂತೆ ಜೋಡಿಸಿ ಮೇನ್ಸಿಗೇ ಕಟ್ಟಿದ್ದು: ಯುಸಿಎಚ್81ಕ್ಕೆ 19 ವೋಲ್ಟ್, ಯುಬಿಎಫ್89ಕ್ಕೆ 19, ಯುಎಲ್84ಕ್ಕೆ 45, ಯುವೈ85ಕ್ಕೆ 38, ಉಳಿದದ್ದಕ್ಕೆ ರೆಸಿಸ್ಟರ್. ಇಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ಚಾಸಿ ಮೇನ್ಸಿನ ಒಂದು ವೈರಿಗೆ ನೇರ ಕೂಡಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಗೆ 230 ವೋಲ್ಟ್. ಮರದ ಪೆಟ್ಟಿಗೆಯೊಳಗೆ, ಪ್ಲಾಸ್ಟಿಕ್ ನಾಬಿನ ಹಿಂದೆ ಅದು ರೇಡಿಯೊವಾಗಿ ನಡೆಯಿತು. ಗಿಟಾರಿನ ತಂತಿ ಮಾತ್ರ ಜ್ಯಾಕಿನ ಮೂಲಕ ಆ ಚಾಸಿಗೇ ಕೂಡುತ್ತದೆ, ನುಡಿಸುವವರ ಬೆರಳು ತಂತಿಯ ಮೇಲಿರುತ್ತದೆ. ಅಂಥ ಸೆಟ್ಟನ್ನು ರೇಡಿಯೊವಾಗಿಯೇ ಬಿಟ್ಟುಬಿಡಿ. ತೀರಾ ಕೆಟ್ಟುಹೋಗಿದ್ದರೆ ನಾಬ್‌ಗಳನ್ನು ಬಿಚ್ಚಿಕೊಳ್ಳಿ, ಅವು ಚೆನ್ನಾಗಿರುತ್ತವೆ.